ವೇಗ ಗೊತ್ತಿದ್ದರೆ ದ್ರವ್ಯರಾಶಿ ಗೊತ್ತಾಗುತ್ತದಾ?

ಪ್ರಶ್ನೆ: ನಾನು ಒಂದು ಲಾರಿ ಇಟ್ಟುಕೊಂಡು ಜೀವನ ಮಾಡುವವನು. ಟೋಲ್ ಗೇಟಿನಲ್ಲಿ ಲಾರಿ ನಿಲ್ಲಿಸದೆ ನಿಧಾನಕ್ಕೆ ಹೋಗುತ್ತಿದ್ದರೂ ಅದರ ತೂಕ ಕಾಣಿಸಿಬಿಡುತ್ತದೆ. ಇದು ಹೇಗೆ ಅಂತ ಮೊದಲ ಪಿಯುಸಿ ಓದುತ್ತಿರುವ ಮಗಳನ್ನು ಕೇಳಿದೆ. "ವೇಗ ಗೊತ್ತಿದ್ದರೆ ದ್ರವ್ಯರಾಶಿ ಲೆಕ್ಕ ಹಾಕೋಕೆ ಸೂತ್ರ ಇದೆ ಅಪ್ಪ" ಅಂದಳು. ನಿಜವೇ? ವೇಗ ಜಾಸ್ತಿಯಾದರೆ ದ್ರವ್ಯರಾಶಿಯೂ ಜಾಸ್ತಿಯಾಗುತ್ತದೆ ಅಂತಲೂ ಎಲ್ಲೋ ಓದಿದ್ದಾಳೆ. ಹಾಗಾದರೆ ಓಡುವ ಲಾರಿ ನಿಂತ ಲಾರಿಗಿಂತ ಭಾರವೇ?

ಉತ್ತರ: ಮಗಳ ಮಾತು ಅರ್ಧ ಸರಿ. ಸೂತ್ರ ಇದೆ, ಒಂದಲ್ಲ, ನಾಲ್ಕೈದು ಇವೆ. ಆದರೆ ಬರೀ ವೇಗ ಕೊಟ್ಟರೆ ಅವುಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಹೆದ್ದಾರಿಯಲ್ಲಿ ನಿಮ್ಮ ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಸ್ಕೂಟರ್ ಅದೇ ವೇಗದಲ್ಲಿದೆ. ಲಾರಿಯ ಕ್ಯಾಬಿನ್ನಿನೊಳಗೆ ಕೂತ ಸೊಳ್ಳೆಯೂ ಅದೇ 60ರಲ್ಲಿದೆ. ಆ 60 ನೋಡಿ ಯಾವುದು ಲಾರಿ, ಯಾವುದು ಸೊಳ್ಳೆ ಅಂತ ಹೇಳಲು ಯಾರಿಂದಲೂ ಆಗದು.

ದ್ರವ್ಯರಾಶಿ ತನ್ನ ಪಾಡಿಗೆ ಒಂದೇ ವೇಗದಲ್ಲಿ ಓಡುವಾಗ ಬಾಯಿ ಬಿಡುವುದಿಲ್ಲ. ಆ ಓಟವನ್ನು ಬದಲಾಯಿಸಲು ಹೋದಾಗ ಮಾತ್ರ ಬಾಯಿ ಬಿಡುತ್ತದೆ. ಬ್ರೇಕ್ ಒತ್ತಿ ನೋಡಿ, ಸೊಳ್ಳೆ, ಸ್ಕೂಟರ್, ಲಾರಿ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. 1687ರಲ್ಲಿ ನ್ಯೂಟನ್ ಹೇಳಿದ್ದನ್ನೇ ನಾವು ಶಾಲೆಯಲ್ಲಿ ಬಲ = ದ್ರವ್ಯರಾಶಿ × ವೇಗೋತ್ಕರ್ಷ ಅಂತ ಬಾಯಿಪಾಠ ಮಾಡಿದ್ದು. ವೇಗೋತ್ಕರ್ಷ ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು. ಬಲ ಗೊತ್ತಿದ್ದು, ಬದಲಾವಣೆ ಅಳೆಯಲು ಬಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದರಾಯಿತು. ಮುಂದೆ ಹೇಳುವುದೆಲ್ಲ ಈ ಒಂದು ಭಾಗಾಕಾರದ ಬೇರೆ ಬೇರೆ ವೇಷ.

ಮೊದಲು ಟೋಲ್ ಗೇಟಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಅಲ್ಲಿ ಲಾರಿಯ ಓಟಕ್ಕೆ ಏನೂ ಕೆಲಸವಿಲ್ಲ. ರಸ್ತೆಯಲ್ಲಿ ಹುಗಿದಿಟ್ಟ ಹಲಗೆಯ ಮೇಲೆ ಚಕ್ರ ಹತ್ತಿದಾಗ, ಅದು ಎಷ್ಟು ಒತ್ತಿತು ಅಂತ ಕೆಳಗಿರುವ ಲೋಡ್ ಸೆಲ್ ಅಳೆಯುತ್ತದೆ. ಮುಂದಿನ ಆಕ್ಸಲ್ ಇಷ್ಟು, ಹಿಂದಿನದು ಇಷ್ಟು ಅಂತ ಕೂಡಿಸುತ್ತದೆ. 2018ರ ಬದಲಾವಣೆಯ ನಂತರ ಎರಡು ಆಕ್ಸಲ್ ಲಾರಿಗೆ ಸರಕು ಸೇರಿ 18.5 ಟನ್ ಮಿತಿ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವೇ ಬ್ರಿಡ್ಜಿನಲ್ಲಿ ಲಾರಿ ನಿಲ್ಲಿಸಿ ತೂಗುವುದೂ ಇದೇ ವಿಧಾನ. ಎರಡರಲ್ಲೂ ಅಳೆಯುವುದು ಭೂಮಿ ಲಾರಿಯನ್ನು ಎಷ್ಟು ಬಲದಿಂದ ಕೆಳಗೆ ಎಳೆಯುತ್ತಿದೆ ಅನ್ನುವುದನ್ನು. ಅದು ತೂಕ. ಅದನ್ನು ನ್ಯೂಟನ್ ಅನ್ನುವ ಬಲದ ಅಳತೆಯಲ್ಲಿ ಹಿಡಿದು, ಭೂಮಿಯ ಎಳೆತದ ವೇಗೋತ್ಕರ್ಷವಾದ 9.8ರಿಂದ ಭಾಗಿಸಿದರೆ ದ್ರವ್ಯರಾಶಿ.

ಅಲ್ಲಿ ಓಟ ಉಪಕಾರ ಮಾಡುವುದಿಲ್ಲ, ಉಪದ್ರವ ಕೊಡುತ್ತದೆ. ಲಾರಿ ಪಟ್ಟಾ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎರಡು ಮೂರು ಸಲ ಮೇಲೆ ಕೆಳಗೆ ಕುಣಿಯುತ್ತಾ ಹೋಗುತ್ತದಲ್ಲ, ಕುಣಿದು ಕೆಳಗಿಳಿದ ಗಳಿಗೆಯಲ್ಲಿ ಚಕ್ರ ಹಲಗೆ ಮೇಲಿದ್ದರೆ ತೂಕ ಜಾಸ್ತಿ ಬರುತ್ತದೆ, ಮೇಲೆದ್ದಾಗ ಇದ್ದರೆ ಕಮ್ಮಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋದರೂ ಅರ್ಧ ಮೀಟರ್ ಹಲಗೆ ದಾಟಲು ಸೆಕೆಂಡಿನ ಐದನೇ ಒಂದು ಭಾಗ ಸಾಕು. ಒಂದು ಪೂರ್ತಿ ಕುಣಿತವೂ ಅಷ್ಟರಲ್ಲಿ ಮುಗಿಯುವುದಿಲ್ಲ. ಅಲ್ಲಿ ನಿಧಾನವಾಗಿ, ಒಂದೇ ಸಮನೆ ಹೋಗಿ ಅನ್ನುವುದು ಇದಕ್ಕೇ.

ಈಗ ನಿಜವಾದ ಚಲನೆಯಿಂದ ದ್ರವ್ಯರಾಶಿ ತೆಗೆಯುವುದು ನೋಡೋಣ. ನಾನೇ ಒಮ್ಮೆ ಮಾಡಿದ್ದನ್ನು ಹೇಳುತ್ತೇನೆ.

ನನ್ನ ಹಳೇ ಪುಟ್ಟ ಕಾರು ಒಂದು ದಿನ ಬ್ಯಾಟರಿ ಕೈಕೊಟ್ಟು ನಿಂತುಬಿಟ್ಟಿತು. ಸಪಾಟಾದ ಡಾಂಬರು ರಸ್ತೆ. ತಳ್ಳಲು ನಾಲ್ಕು ಜನ ವಿದ್ಯಾರ್ಥಿಗಳು ಬಂದರು. ಹೇಗೂ ತಳ್ಳುತ್ತೀರಲ್ಲ, ಪಾಠವೂ ಆಗಲಿ ಅಂತ ಒಬ್ಬನನ್ನು ಮನೆಗೆ ಓಡಿಸಿ, ಕಾಲಿಟ್ಟು ತೂಕ ನೋಡುವ ಮುಳ್ಳಿನ ಮಿಷನ್ ತರಿಸಿದೆ. ಅದನ್ನು ಕಾರಿನ ಹಿಂಭಾಗಕ್ಕೆ ಒತ್ತಿ ಹಿಡಿದು, ಅದರ ಮೇಲೆ ಕೈಯಿಟ್ಟು ತಳ್ಳಬೇಕು. ಮುಳ್ಳು 10 ಕೆಜಿ ತೋರಿಸಿದರೆ ನೀವು 98 ನ್ಯೂಟನ್ ಬಲದಿಂದ ತಳ್ಳುತ್ತಿದ್ದೀರಿ ಅಂತ ಅರ್ಥ, ಒಂದು ಕೆಜಿ ಗುರುತಿಗೆ 9.8 ನ್ಯೂಟನ್.

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸ್ಟೀರಿಂಗ್ ಹಿಡಿಯಲು ಒಬ್ಬ ಒಳಗೆ ಕೂತ. ಮೊದಲು, ಕಾರು ಒಂದೇ ನಿಧಾನ ವೇಗದಲ್ಲಿ ಹೋಗುತ್ತಿರಲು ಎಷ್ಟು ತಳ್ಳಬೇಕು ಅಂತ ನೋಡಿದೆವು. ಮುಳ್ಳು 10ರ ಹತ್ತಿರ ನಿಂತಿತು. ಈ 98 ನ್ಯೂಟನ್ ಪೂರ್ತಿ ಘರ್ಷಣೆಗೆ ಹೋಗುತ್ತದೆ. ವೇಗ ಬದಲಾಗುತ್ತಿಲ್ಲ, ಹಾಗಾಗಿ ದ್ರವ್ಯರಾಶಿಯ ಪಾಲಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಪುಸ್ತಕದ ಲೆಕ್ಕಗಳಲ್ಲಿ "ಘರ್ಷಣೆ ಇಲ್ಲವೆಂದು ಭಾವಿಸಿ" ಅಂತ ಬರೆದಿರುತ್ತಾರೆ. ರಸ್ತೆಗೆ ಇಳಿದರೆ ಮೊದಲು ಕಳೆಯಬೇಕಾದದ್ದೇ ಅದನ್ನು.

ಆಮೇಲೆ ಕಾರನ್ನು ನಿಲ್ಲಿಸಿ, ಚಾಕ್‌ಪೀಸಿನಲ್ಲಿ 10 ಮೀಟರ್ ದೂರಕ್ಕೆ ಎರಡು ಗೆರೆ ಎಳೆದೆವು. ಮುಳ್ಳು 25ರಲ್ಲೇ ನಿಲ್ಲುವಂತೆ ತಳ್ಳುತ್ತಾ ಹೋಗಬೇಕು. ಹೇಳುವಷ್ಟು ಸುಲಭ ಅಲ್ಲ, ಕಾರು ಮುಂದೆ ಓಡಿದಂತೆ ಕೈ ಸಡಿಲವಾಗುತ್ತದೆ. ನಿಂತಲ್ಲಿಂದ ಹೊರಟು 10 ಮೀಟರ್ ಮುಟ್ಟಲು ಸರಾಸರಿ 10 ಸೆಕೆಂಡ್ ಹಿಡಿಯಿತು.

ಲೆಕ್ಕ ಹೀಗಿದೆ. 25 ಕೆಜಿ ಗುರುತು ಅಂದರೆ 245 ನ್ಯೂಟನ್. ಘರ್ಷಣೆಯ 98 ಕಳೆದರೆ 147 ಉಳಿಯಿತು. ನಿಂತಲ್ಲಿಂದ ಹೊರಟ ವಸ್ತುವಿಗೆ ವೇಗೋತ್ಕರ್ಷ = 2 × ದೂರ ÷ ಕಾಲದ ವರ್ಗ. ಅಂದರೆ 20 ÷ 100 = 0.2. ಈಗ 147 ÷ 0.2 = 735 ಕೆಜಿ.

ಆರ್‌ಸಿ ಬುಕ್ಕಿನಲ್ಲಿ ಖಾಲಿ ಕಾರಿನ ತೂಕ 650 ಅಂತಿತ್ತು. ಒಳಗೆ ಕೂತ ಹುಡುಗ 60. ಒಟ್ಟು 710. ಹುಡುಗರು ಚಪ್ಪಾಳೆ ಹೊಡೆದರು. ನಾನು ಅವರ ಖುಷಿಗೆ ಸ್ವಲ್ಪ ತಣ್ಣೀರು ಎರಚಬೇಕಾಯಿತು. ಕಾಲವನ್ನು ವರ್ಗ ಮಾಡುತ್ತೇವೆ, ಅಲ್ವಾ? ಅಳೆಯುವಾಗ ಆದ ತಪ್ಪು ಇಮ್ಮಡಿಯಾಗಿ ಉತ್ತರಕ್ಕೆ ಬಂದು ಸೇರುತ್ತದೆ. ನಮ್ಮ 10 ಸೆಕೆಂಡ್ ನಿಜವಾಗಿ ಒಂಬತ್ತೂವರೆ ಆಗಿದ್ದರೆ ಉತ್ತರ 663ಕ್ಕೆ ಇಳಿಯುತ್ತಿತ್ತು. ಅರ್ಧ ಸೆಕೆಂಡಿಗೆ 70 ಕೆಜಿ ಹೋಯಿತು! 735 ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇತ್ತು.

ಇನ್ನೊಂದು ಸೂಕ್ಷ್ಮ ಇದೆ. ಕೈ ಒಂದಿಷ್ಟೂ ನಡುಗದೆ, ಗಡಿಯಾರ ಒಂದಿಷ್ಟೂ ತಪ್ಪದೆ ಅಳೆದರೂ ಈ ವಿಧಾನದಲ್ಲಿ 710 ಬರುವುದಿಲ್ಲ, ಸ್ವಲ್ಪ ಜಾಸ್ತಿಯೇ ಬರುತ್ತದೆ. ಚಕ್ರಗಳು ಬರೀ ಮುಂದೆ ಹೋಗುವುದಲ್ಲ, ತಿರುಗಲೂ ಬೇಕು. ನಾವು ತಳ್ಳಿದ ಬಲದಲ್ಲಿ ಒಂದು ಪಾಲು ಅವನ್ನು ತಿರುಗಿಸಲು ಖರ್ಚಾಗುತ್ತದೆ. ಚಕ್ರದ ಭಾರವೆಲ್ಲ ಬಹುಪಾಲು ಅಂಚಿನಲ್ಲಿ, ಟೈರಿನಲ್ಲೇ ಇರುವುದರಿಂದ, ನಾಲ್ಕೂ ಚಕ್ರಗಳ ದ್ರವ್ಯರಾಶಿಯನ್ನು ಹತ್ತಿರ ಹತ್ತಿರ ಎರಡೆರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಪುಟ್ಟ ಕಾರಿಗೆ ಅದೇ ಮೂವತ್ತು ನಲವತ್ತು ಕೆಜಿ. ನಿಮ್ಮ ಲಾರಿಯ ಚಕ್ರ ಎಷ್ಟು ಭಾರ ಅಂತ ಬಿಚ್ಚಿ ಎತ್ತಿದವರಿಗೇ ಗೊತ್ತು. ಪಂಕ್ಚರ್ ಅಂಗಡಿಯವರನ್ನು ಕೇಳಿ.

ಬಲವನ್ನು ನೇರವಾಗಿ ಅಳೆಯಲು ಆಗದ ಕಡೆ ಏನು ಮಾಡುವುದು? ಡಿಕ್ಕಿ ಹೊಡೆಸುವುದು. ಗಾಬರಿ ಬೇಡ, ಕೇರಂ ಬೋರ್ಡ್ ಸಾಕು. ಸ್ಟ್ರೈಕರ್ ಸುಮಾರು 15 ಗ್ರಾಂ ಇರುತ್ತದೆ. ಕಾಯಿ ಎಷ್ಟಿದೆ ಅಂತ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಕಾಯಿಯ ನಡು ಭಾಗಕ್ಕೆ ಸ್ಟ್ರೈಕರ್ ನೇರವಾಗಿ ಬಡಿಯುವಂತೆ ಹೊಡೆಯಿರಿ. ಮೇಲಿನಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಆದರೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟುಕೊಂಡು ಒಂದೊಂದು ಚಿತ್ರಕ್ಕೆ ಎಷ್ಟು ಮಿಲಿಮೀಟರ್ ಸರಿಯಿತು ಅಂತ ಎಣಿಸಿ ವೇಗ ತೆಗೆಯಬಹುದು.

ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು, ಬಡಿದ ಮೇಲೆ 1.1ಕ್ಕೆ ಇಳಿಯಿತು, ಕಾಯಿ 2.6ರಲ್ಲಿ ಹೊರಟಿತು ಅನ್ನೋಣ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಸ್ಟ್ರೈಕರ್ ಕಳೆದುಕೊಂಡ ಸಂವೇಗವೇ ಕಾಯಿಗೆ ಸಿಕ್ಕಿದ್ದು. 15 × 0.9 = 13.5, ಅದನ್ನು 2.6ರಿಂದ ಭಾಗಿಸಿದರೆ 5.2 ಗ್ರಾಂ. ಕಾಯಿ ಇರುವುದೂ ಹೆಚ್ಚುಕಮ್ಮಿ ಅಷ್ಟೇ. ಎಷ್ಟು ಬಲದಿಂದ ಬಡಿಯಿತು ಅನ್ನುವುದು ನಮಗೆ ಬೇಕೇ ಆಗಲಿಲ್ಲ ನೋಡಿ. "ಟಕ್" ಅಂತ ಸದ್ದಾದಾಗ ಒಂದಿಷ್ಟು ಚಲನಶಕ್ತಿ ಸೋರಿಹೋಗುತ್ತದೆ, ನಿಜ. ಆದರೆ ಸಂವೇಗ ಸೋರುವುದಿಲ್ಲ. ಅದಕ್ಕೇ ಮಗಳಿಗೆ ಹೇಳಿ, ಡಿಕ್ಕಿಯ ಲೆಕ್ಕದಲ್ಲಿ ಶಕ್ತಿಯ ಸೂತ್ರ ನಂಬಿ ಕೂರಬೇಡ ಅಂತ. ಪರೀಕ್ಷೆಯಲ್ಲಿ ಚಲನಶಕ್ತಿಯನ್ನೂ ವೇಗವನ್ನೂ ಕೊಟ್ಟು ದ್ರವ್ಯರಾಶಿ ಕೇಳುತ್ತಾರೆ, ಬರೆದರೆ ಅಂಕ ಕೊಡುತ್ತಾರೆ. ಆದರೆ ದ್ರವ್ಯರಾಶಿ ಗೊತ್ತಿಲ್ಲದ ವಸ್ತುವಿನ ಚಲನಶಕ್ತಿಯನ್ನು ಮೊದಲೇ ಯಾರು ಹೇಳಿಕೊಟ್ಟರು ಅಂತ ಯಾರೂ ಕೇಳುವುದಿಲ್ಲ.

ಗೋಲಿಯಲ್ಲಿ ಮಾಡಿದರೆ ಲೆಕ್ಕ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಗೋಲಿ ಉರುಳುತ್ತದೆ, ಕಾರಿನ ಚಕ್ರದ್ದೇ ಕಿರಿಕಿರಿ ಅಲ್ಲೂ ಬರುತ್ತದೆ.

ಇದೇ ಲೆಕ್ಕವನ್ನು ತಳ್ಳಲು ರಸ್ತೆಯೂ ಇಲ್ಲದ, ತೂಗಲು ತಕ್ಕಡಿಯೂ ಇಲ್ಲದ ಕಡೆ ಹಾಕಿ ನೋಡೋಣ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನ ಹೊರಟಾಗ ಅದರ ದ್ರವ್ಯರಾಶಿ 1,337 ಕೆಜಿ. ಅದರಲ್ಲಿ 852 ಕೆಜಿ ಬರೀ ಇಂಧನ. ಸುಮಾರು ಒಂದು ತಿಂಗಳು ಭೂಮಿಯ ಸುತ್ತಲೇ ಸುತ್ತಿ, ಆಗಾಗ ಎಂಜಿನ್ ಉರಿಸಿ ಕಕ್ಷೆ ಎತ್ತರಿಸಿಕೊಂಡಿತು. ಡಿಸೆಂಬರ್ 1ರಂದು, ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆ ಆದ ಮೇಲೆ, ಮಂಗಳದ ದಾರಿ ಹಿಡಿಸಲು ಎಂಜಿನ್ ಉರಿಸಿದರು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರ ಮತ್ತು ಬ್ಯಾಲಾಳಿನ ದೊಡ್ಡ ಆಂಟೆನಾ ಅದರ ಮೇಲೆ ಕಣ್ಣಿಟ್ಟಿದ್ದವು. ಎಂಜಿನ್ ಸುಮಾರು 1,329 ಸೆಕೆಂಡ್ ಉರಿಯಿತು. ನೌಕೆಯ ವೇಗ ಸೆಕೆಂಡಿಗೆ 648 ಮೀಟರ್ ಹೆಚ್ಚಿತು.

ಆ ಎಂಜಿನ್ ಕೊಡುವ ಬಲ 440 ನ್ಯೂಟನ್. ಅಂದರೆ ಹತ್ತು ಕೆಜಿಯ ನಾಲ್ಕೂವರೆ ಅಕ್ಕಿ ಚೀಲ ಎತ್ತಲು ಬೇಕಾದಷ್ಟು, ಅಷ್ಟೇ. ನಮ್ಮ ಹುಡುಗರು ಕಾರು ತಳ್ಳಿದ ಬಲಕ್ಕಿಂತ ಎರಡರಷ್ಟೂ ಇಲ್ಲ. ಆದರೆ 22 ನಿಮಿಷ ಬಿಡದೆ ತಳ್ಳಿತು, ತಡೆಯಲು ಘರ್ಷಣೆಯೂ ಇರಲಿಲ್ಲ.

ಬಲವನ್ನು ಕಾಲದಿಂದ ಗುಣಿಸಿ: 440 × 1,329 = 5,84,760. ವೇಗದ ಬದಲಾವಣೆಯಿಂದ ಭಾಗಿಸಿ: 5,84,760 ÷ 648 = ಸುಮಾರು 902 ಕೆಜಿ. ಭೂಮಿಯಲ್ಲಿ ಕೂತು, ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ನೌಕೆಯನ್ನು ಮುಟ್ಟದೆ ತೂಗಿದಂತಾಯಿತು.

ಆದರೆ ಈ 902 ಯಾವಾಗಿನ ದ್ರವ್ಯರಾಶಿ? ಎಂಜಿನ್ ಹೊತ್ತಿಸುವ ಮುಂಚಿನದ್ದೂ ಅಲ್ಲ, ಆರಿಸಿದ ಮೇಲಿನದ್ದೂ ಅಲ್ಲ. ಉರಿಯುತ್ತಿರುವಷ್ಟು ಹೊತ್ತೂ ನೌಕೆ ಹಗುರಾಗುತ್ತಲೇ ಇರುತ್ತದೆ. ಇಂಥ ಎಂಜಿನ್ನಿನಿಂದ ಅನಿಲ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಹೊರಬರುತ್ತದೆ. 440 ನ್ಯೂಟನ್ ಬಲ ಬರಬೇಕಾದರೆ ಸೆಕೆಂಡಿಗೆ 147 ಗ್ರಾಂ ಉಗುಳಬೇಕು. 1,329 ಸೆಕೆಂಡಿಗೆ ಅದು ಸುಮಾರು 195 ಕೆಜಿ. ಹಾಗಾಗಿ ಹೊತ್ತಿಸುವಾಗ ನೌಕೆ ಸಾವಿರ ಕೆಜಿಯ ಆಸುಪಾಸಿನಲ್ಲಿದ್ದು, ಆರಿಸಿದಾಗ 805ರ ಹತ್ತಿರ ಬಂದಿರಬೇಕು. ನಮ್ಮ 902 ಆ ಎರಡರ ನಡುವಿನದು. ಬಾಹ್ಯಾಕಾಶದಲ್ಲಿ ಟ್ಯಾಂಕಿನೊಳಗಿನ ಇಂಧನ ತೇಲುತ್ತಿರುತ್ತದೆ, ಲಾರಿಯ ಡೀಸೆಲ್ ಮುಳ್ಳಿನ ಥರ ಒಂದು ತೇಲುಬುರುಡೆ ಇಟ್ಟು ಎಷ್ಟು ಉಳಿದಿದೆ ಅಂತ ನೋಡಲು ಆಗದು. ಎಷ್ಟು ಹೊತ್ತು ಉರಿಯಿತು, ಎಷ್ಟು ಖರ್ಚಾಯಿತು ಅಂತ ಲೆಕ್ಕ ಇಡುವುದು ಅಲ್ಲಿ ಒಂದು ಮುಖ್ಯ ದಾರಿ.

ವೇಗ ಅಷ್ಟು ಖಚಿತವಾಗಿ ಹೇಗೆ ತಿಳಿಯಿತು ಅನ್ನುವಿರಾ? ಆಂಬುಲೆನ್ಸ್ ದೂರ ಹೋಗುವಾಗ ಸೈರನ್ನಿನ ಸ್ವರ ಇಳಿಯುತ್ತದಲ್ಲ, ಅದೇ. ನೌಕೆಯಿಂದ ಬರುವ ರೇಡಿಯೋ ಅಲೆಯ ಸ್ವರ ಎಷ್ಟು ಇಳಿಯಿತು, ಏರಿತು ಅಂತ ಅಳೆದು ವೇಗ ತೆಗೆಯುತ್ತಾರೆ.

ಇಲ್ಲಿ ಓದುಗರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. ನೌಕೆ ಭೂಮಿಯ ಸುತ್ತ ಸುತ್ತುತ್ತಿತ್ತಲ್ಲ, ಭೂಮಿ ಅದನ್ನು ಎಳೆಯುತ್ತಿತ್ತಲ್ಲ, ಆ ಎಳೆತವೂ ಬಲವೇ ಅಲ್ವಾ, ಎಂಜಿನ್ ಹೊತ್ತಿಸದೆಯೇ ಕಕ್ಷೆ ನೋಡಿ ದ್ರವ್ಯರಾಶಿ ತೆಗೆಯಬಾರದೇ? ಬರುವುದಿಲ್ಲ. ಭಾರದ ವಸ್ತುವನ್ನು ಭೂಮಿ ಜಾಸ್ತಿ ಎಳೆಯುತ್ತದೆ, ಆದರೆ ಅದನ್ನು ಅಲುಗಾಡಿಸುವುದೂ ಅಷ್ಟೇ ಕಷ್ಟ. ಎರಡೂ ಸರಿಗೆ ಸರಿ ಹೊಡೆದುಹೋಗುತ್ತವೆ. ನೌಕೆಯಿಂದ ಒಂದು ಬೋಲ್ಟ್ ಕಳಚಿ ಬಿದ್ದರೂ ಅದು ನೌಕೆಯ ಪಕ್ಕದಲ್ಲೇ, ಅದೇ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ.

ಕಕ್ಷೆ ಹೇಳುವುದು ಸುತ್ತುವವನ ದ್ರವ್ಯರಾಶಿಯನ್ನಲ್ಲ, ನಡುವೆ ಕೂತು ಎಳೆಯುವವನದ್ದನ್ನು. ಚಂದ್ರ 3,84,000 ಕಿಲೋಮೀಟರ್ ದೂರದಲ್ಲಿ, 27.3 ದಿನಕ್ಕೊಂದು ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 1.02 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾನೆ. ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ (ವಸ್ತುಗಳು ಒಂದನ್ನೊಂದು ಎಷ್ಟು ಸೆಳೆಯುತ್ತವೆ ಅಂತ ಹೇಳುವ ಸಂಖ್ಯೆ) ಭಾಗಿಸಿದರೆ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕಿಲೋಗ್ರಾಂ ಬರುತ್ತದೆ. ಅದು ಭೂಮಿ. ಇಂಗ್ಲೆಂಡಿನ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದ ಮೇಲೆ ಈ ಲೆಕ್ಕದ ಬಾಗಿಲು ತೆರೆಯಿತು. ಚಂದ್ರನ ಸ್ವಂತ ದ್ರವ್ಯರಾಶಿ ಖಚಿತವಾಗಿ ಬೇಕಾದರೆ ಅವನ ಸುತ್ತ ಇನ್ನೇನಾದರೂ ಸುತ್ತಬೇಕು.

ಮಗಳು ಮನೆಯಲ್ಲೇ ಮಾಡಬಹುದಾದ್ದು ಇನ್ನೊಂದಿದೆ, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಬಾಹ್ಯಾಕಾಶ ನಿಲ್ದಾಣದಲ್ಲಿ ತಕ್ಕಡಿ ಮೇಲೆ ನಿಂತರೆ ಮುಳ್ಳು ಸೊನ್ನೆ ಬಿಟ್ಟು ಕದಲುವುದಿಲ್ಲ. ಅದಕ್ಕೆ 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದಲ್ಲಿ ಗಗನಯಾತ್ರಿಗಳನ್ನು ಸ್ಪ್ರಿಂಗ್ ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ತೂಗಾಡಿಸಿದರು. ಭಾರದ ಮನುಷ್ಯ ನಿಧಾನಕ್ಕೆ ತೂಗುತ್ತಾನೆ, ಹಗುರದವನು ಬೇಗ ಬೇಗ. ತೂಗುವ ಹೊತ್ತು ಅಳೆದರೆ ದ್ರವ್ಯರಾಶಿ ಸಿಕ್ಕಿತು.

ನಮಗೆ ಕುರ್ಚಿಯ ಬದಲು ಒಂದು ಹ್ಯಾಕ್ಸಾ ಬ್ಲೇಡ್ ಸಾಕು. ಹಲ್ಲಿನ ಮೇಲೆ ಮೊದಲು ಟೇಪ್ ಸುತ್ತಿ. ಬ್ಲೇಡಿನ ಒಂದು ತುದಿಯನ್ನು ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿ ಹೊರಗೆ ಚಾಚಿರಲಿ. ಅದರ ಅಗಲದ ಮೈ ಗೋಡೆಯ ಥರ ನೆಟ್ಟಗಿರಬೇಕು, ಆಗ ಅದು ಎಡಕ್ಕೂ ಬಲಕ್ಕೂ ಆಡುತ್ತದೆ. ಮೇಲೆ ಕೆಳಗೆ ಆಡದಿರುವುದರಿಂದ ಭೂಮಿಯ ಎಳೆತ ಮಧ್ಯೆ ತಲೆ ಹಾಕುವುದಿಲ್ಲ. ತುದಿಗೆ ನಾಲ್ಕು 10 ರೂಪಾಯಿ ನಾಣ್ಯ ಟೇಪ್ ಹಾಕಿ ಅಂಟಿಸಿ. ಅಂಗಡಿಯವರು ಬೇಡ ಅಂದ ನಾಣ್ಯಗಳು ಹೇಗೂ ಮನೆಯಲ್ಲಿ ಇರುತ್ತವೆ! ಒಂದೊಂದು ಸುಮಾರು 7.7 ಗ್ರಾಂ, ನಾಲ್ಕಕ್ಕೆ 30.8.

ಸ್ವಲ್ಪ ಎಳೆದು ಬಿಟ್ಟು, 20 ತೂಗಾಟಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ. ಕಣ್ಣಿಗೆ ಎಣಿಸಲು ಕಷ್ಟವಾದರೆ ಮೊಬೈಲಿನಲ್ಲಿ ವಿಡಿಯೋ ತೆಗೆದು ಎಣಿಸಿ. 7.8 ಬಂತು ಅಂತಿಟ್ಟುಕೊಳ್ಳಿ. ಎಂಟು ನಾಣ್ಯ ಹಾಕಿದಾಗ 10.8. ನಾಣ್ಯ ತೆಗೆದು ಒಂದು ನಿಂಬೆಹಣ್ಣು ಅಂಟಿಸಿದಾಗ 9.3. ಈ ಸಂಖ್ಯೆಗಳ ವರ್ಗ ತೆಗೆಯಿರಿ: 60.8, 116.6, 86.5. ದ್ರವ್ಯರಾಶಿ ಏರುವುದು ಕಾಲದ ಜೊತೆಗಲ್ಲ, ಕಾಲದ ವರ್ಗದ ಜೊತೆಗೆ. ನಾಲ್ಕು ನಾಣ್ಯದಿಂದ ಎಂಟಕ್ಕೆ ಹೋಗುವ ದಾರಿ 55.8. ನಿಂಬೆಹಣ್ಣು ಅದರಲ್ಲಿ 25.7 ನಡೆದಿದೆ, ಅಂದರೆ ನೂರಕ್ಕೆ 46. 30.8ರಲ್ಲಿ ಅಷ್ಟು ಭಾಗ 14.2. ಮೊದಲಿನ 30.8ಕ್ಕೆ ಕೂಡಿಸಿದರೆ ನಿಂಬೆಹಣ್ಣು 45 ಗ್ರಾಂ. ಬ್ಲೇಡಿನ ಸ್ವಂತ ಭಾರ ಎಷ್ಟು, ಅದು ಎಷ್ಟು ಬಿಗಿ ಅನ್ನುವುದೆಲ್ಲ ತಾನಾಗಿಯೇ ಕಳೆದುಹೋಯಿತು. ಉತ್ತರ ಸರಿಯಾ ಅಂತ ನೋಡಲು ಹಣ್ಣನ್ನು ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಡಿ. ಹಣ್ಣು ಜಾರದಂತೆ ಟೇಪ್ ಬಿಗಿಯಾಗಿರಲಿ, ಅದು ಅಲ್ಲಾಡಿದರೆ ಲೆಕ್ಕವೂ ಅಲ್ಲಾಡುತ್ತದೆ.

ಉಳಿದದ್ದು ನಿಮ್ಮ ಎರಡನೇ ಪ್ರಶ್ನೆ, ಓಡುವ ಲಾರಿ ಭಾರವೇ ಅಂತ. ಹಳೇ ಪಠ್ಯಪುಸ್ತಕಗಳಲ್ಲಿ ವೇಗದ ಜೊತೆ ದ್ರವ್ಯರಾಶಿ ಏರುತ್ತದೆ ಅಂತ ಬರೆಯುತ್ತಿದ್ದರು. ಈಗ ಹೆಚ್ಚಿನ ಭೌತವಿಜ್ಞಾನಿಗಳು ಹಾಗೆ ಹೇಳುವುದಿಲ್ಲ. ದ್ರವ್ಯರಾಶಿ ಇದ್ದಷ್ಟೇ ಇರುತ್ತದೆ, ಏರುವುದು ಶಕ್ತಿ ಮತ್ತು ಸಂವೇಗ ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ, ಮಕ್ಕಳಿಗೆ ಗೊಂದಲ ಕಮ್ಮಿ. ಹಳೇ ಲೆಕ್ಕವನ್ನೇ ಹಿಡಿದರೂ ಲಾರಿಯ ವೇಗಕ್ಕೆ ಆಗುವ ಏರಿಕೆಯನ್ನು ಯಾವ ತಕ್ಕಡಿಯೂ ಹಿಡಿಯದು. ಲಾರಿ ಬಿಡಿ, ಮಂಗಳಯಾನವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 11 ಕಿಲೋಮೀಟರ್ ವೇಗದಲ್ಲಿ ಓಡುವ 900 ಕೆಜಿ ನೌಕೆಗೆ ಆ ಲೆಕ್ಕದಲ್ಲಿ ಸೇರುವುದು 0.6 ಮಿಲಿಗ್ರಾಂ. ಎರಡು ಗಸಗಸೆ ಕಾಳಿನಷ್ಟು.